ತಲೆಯಾಡಿಸುವ ಪರೀಕ್ಷೆ

ತಾನು ಮನುಷ್ಯನಲ್ಲ ಎಂಬುದು ಝೆಲ್ಯಾಜ್ಕೊಗೆ ಗೊತ್ತಾದದ್ದು ಒಂದು ಮಂಗಳವಾರ, ಇಬ್ಬರು ಗಿರಾಕಿಗಳ ಎದುರಿಗೆ. ಸ್ಮೋಲ್ಯಾನ್ ಎಂಬ ಊರಿನಲ್ಲಿ ಮೇಕೆಯ ತೊಗಲಿನಿಂದ ಗಾಯ್ದಾ ಎಂಬ ಊದುವಾದ್ಯ ಮಾಡುವವನು ಅವನು. ತನ್ನ ವೆಬ್‌ಸೈಟಿನಿಂದ ಪತ್ರ ಕಳಿಸುವುದು ಎಷ್ಟು ಸುಲಭ ಎಂದು ಜಂಬದಿಂದ ತೋರಿಸಹೊರಟಿದ್ದ. "ನೀವು ಮನುಷ್ಯರಲ್ಲ" ಎಂದು ಕೆಂಪಕ್ಷರ ಮೂಡಿತು.

"ನಿನ್ನ ಹೆಂಡ್ತಿ ಇದನ್ನ ಯಾವತ್ತೋ ಹೇಳಿದ್ಲಲ್ಲೋ," ಎಂದ ಒಬ್ಬ ಗಿರಾಕಿ.

ಈ ಪರೀಕ್ಷೆ ಝೆಲ್ಯಾಜ್ಕೊನೇ ಹೂಡಿದ್ದು. ಬೊಕ್ಕತಲೆಗೆ ಕೂದಲು, ಜೂಜಿಗೆ ಆಹ್ವಾನ ಎಂದು ಯಂತ್ರಗಳು ದಿನವಿಡೀ ಸುಳ್ಳು ಪತ್ರ ಸುರಿಯುತ್ತಿದ್ದವು. ಅವನ್ನು ತಡೆಯಲು ಈ ಮಹಾಶಯ ಒಂದು ಪ್ರಶ್ನೆ ಇಟ್ಟ: "ಹೌದು ಎನ್ನುವಾಗ ತಲೆ ಹೇಗಾಡುತ್ತದೆ?" ನಮ್ಮ ಬಲ್ಗೇರಿಯದಲ್ಲಿ ಅಡ್ಡಡ್ಡ, ಲೋಕದ ಹೆಚ್ಚಿನವರಿಗೆ ಮೇಲೆ ಕೆಳಗೆ. ಜರ್ಮನಿಯಲ್ಲಿ ಹನ್ನೊಂದು ವರ್ಷ ದುಡಿದು ಬಂದವನಿಗೆ ಅಲ್ಲಿನ ರೂಢಿಯೇ ಕೈಗೆ ಬಂದು ತನ್ನ ಪ್ರಶ್ನೆಗೇ ಉತ್ತರ ತಪ್ಪಿತು. ಅವನ ಗಾಯ್ದಾ ಕೊಳ್ಳುವವರಲ್ಲಿ ಹೆಚ್ಚಿನವರು ಪರದೇಶದವರು. ಎರಡು ತಿಂಗಳಿಂದ ಅವರಲ್ಲಿ ಒಬ್ಬರೂ ಪಾಸಾಗಿರಲಿಲ್ಲ!

ಮರುದಿನ ಫ್ರಾನ್ಸಿನ ಲಿಯೋನಿನ ಸಂಗೀತ ಶಾಲೆಯ ಮೇಡಂ ಬರೆದ ಕಾರ್ಡು ಬಂತು. ಆರು ಗಾಯ್ದಾ ಬೇಕಾಗಿದ್ದವು. ಪರೀಕ್ಷೆಯಲ್ಲಿ ಮೂರು ಸಲ ಸೋತಿದ್ದರು. ಶುಕ್ರವಾರ ಕೊನೆಯ ಸಲ ನೋಡಿ, ಆಗದಿದ್ದರೆ ಬೇರೆಯವರ ಬಳಿ ಹೋಗುವವರಿದ್ದರು.

ಝೆಲ್ಯಾಜ್ಕೊ ಕಾರ್ಡು ಹಿಡಿದು ದೋಬ್ರಿಂಕಾಳ ಮನೆಗೆ ಓಡಿದ. ಆಕೆ ಇಪ್ಪತ್ತೆರಡು ವರ್ಷ ಅಂಚೆಕಚೇರಿಯಲ್ಲಿ ಪತ್ರ ವಿಂಗಡಿಸಿದವಳು. ಕಚೇರಿ ಮುಚ್ಚಿದ ಮೇಲೆ, ಐವತ್ತರ ಹರೆಯದಲ್ಲಿ, ವೆಬ್‌ಸೈಟ್ ಕಟ್ಟುವುದನ್ನು ಕಲಿತಳು. ಪತ್ರ ಬರೆಯಲು ಬಂದವರಿಂದ ಚಿತ್ರದಲ್ಲಿನ ಟ್ರಾಫಿಕ್ ದೀಪ ಎಣಿಸುವ ಕೆಲಸ ಮಾಡಿಸುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಪ್ರಶ್ನೆ ಓದಿ ಕನ್ನಡಕ ತೆಗೆದಳು.

"ಅಂಗಡಿಗೆ ಬಂದೋರ ಹಲ್ಲು ಎಣಿಸಿ ಒಳಗೆ ಬಿಡ್ತೀಯೇನೋ? ಕಳ್ಳರ ಕಾಟ ಅಂತ ಗಿರಾಕಿಗಳಿಗೇ ಬೇಲಿ ಹಾಕಿದೀಯ. ಭಾರೀ ಬುದ್ಧಿವಂತ!"

"ಮತ್ತೆ ಆ ಯಂತ್ರಗಳಿಗೆ ಏನು ಮಾಡ್ಲಿ, ಅಕ್ಕಾ?"

"ಅದು ನನ್ನ ತಲೆನೋವು. ಬಂದೋರಿಗೆ ಯಾಕೆ ಕೊಡ್ತೀಯ?"

ಪ್ರಶ್ನೆಯನ್ನು ಕಿತ್ತು ಬಿಸಾಡಿದಳು. ಅದರ ಜಾಗದಲ್ಲಿ ಮನುಷ್ಯರ ಕಣ್ಣಿಗೆ ಕಾಣದ ಒಂದು ಖಾಲಿ ಚೌಕ ಸೇರಿಸಿದಳು.

"ಖಾಲಿ ಜಾಗ ಸಿಕ್ಕಿದ್ರೆ ಯಂತ್ರ ಬಿಡಲ್ಲ, ತುಂಬಿಬಿಡುತ್ತೆ. ಅದು ತುಂಬಿದ ಪತ್ರ ಸೀದಾ ಕಸಕ್ಕೆ. ಪುಟ ತೆಗೆದ ಎರಡು ಸೆಕೆಂಡಲ್ಲಿ ಬರೆದು ಮುಗಿಸಿದ್ದೂ ಕಸಕ್ಕೆ. ನಿನಗೆ ನಿನ್ನ ಹೆಸರು ಬರೆಯೋಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು."

ಶುಕ್ರವಾರ ಮಧ್ಯಾಹ್ನ ಲಿಯೋನಿನಿಂದ ಆರು ಗಾಯ್ದಾಗಳ ಬೇಡಿಕೆ ಬಂತು. ಕೂದಲಿನ ಔಷಧ ಒಂದೂ ಬರಲಿಲ್ಲ. ಝೆಲ್ಯಾಜ್ಕೊ ನಂಬಲಾಗದೆ, ದೋಬ್ರಿಂಕಾಳ ಎದುರಿಗೇ ತಾನೂ ಒಂದು ಪತ್ರ ಕಳಿಸಿದ. ತಕರಾರಿಲ್ಲದೆ ಹೋಯಿತು.

"ಅಕ್ಕಾ, ಏನೂ ಕೇಳ್ಲೇ ಇಲ್ವಲ್ಲ! ನಾನು ಮನುಷ್ಯ ಅಂತ ಅದಕ್ಕೆ ಹೇಗೆ ಗೊತ್ತಾಯ್ತು?"

"ಅದು ಗೊತ್ತಾಗಿಲ್ಲ," ಎಂದಳು ದೋಬ್ರಿಂಕಾ. "ನೀನು ಯಂತ್ರ ಅಲ್ಲ ಅಂತ ಮಾತ್ರ ಗೊತ್ತಾಗಿದೆ."