ಶೆಡ್ಡಿನ ವಿಷಯದಲ್ಲಿ ದೇವರನ್ನು ಕೇಳಿದ್ದು

ನನ್ನ ಗಂಡ ದೇವರನ್ನು ಕೇಳದೆ ಒಂದು ಸ್ಪ್ಯಾನರನ್ನೂ ಕೊಳ್ಳುವವರಲ್ಲ. ಗಲ್ಫಿನ ಈ ಶುವೈಖಿನಲ್ಲಿ ಕಾರುಗಳ ಎ.ಸಿ. ರಿಪೇರಿಗೆಂದು ಶೆಡ್ ಹಾಕಿದ ವರ್ಷ, ಗ್ಯಾಸ್ ತುಂಬುವ ಮೆಶಿನ್ ಹೊಸದು ತರುವುದೋ ಹಳೆಯದು ಸಾಕೋ ಎಂದು ನೊವೆನಾ, ಎಂದರೆ ಒಂಬತ್ತು ದಿನದ ಪ್ರಾರ್ಥನೆ, ಹಿಡಿದು ಕೂತರು. ನೊವೆನಾ ಮುಗಿಯುವಷ್ಟರಲ್ಲಿ ಹಳೆಯ ಮೆಶಿನನ್ನು ಬೇರೆ ಯಾರೋ ಕೊಂಡುಹೋಗಿದ್ದರು. ಅದೇ ದೇವರ ಉತ್ತರವೆಂದು ಇವರು ಸಂತೋಷದಿಂದ ಹೊಸದನ್ನು ತಂದರು. ನಾನು ಆಸ್ಪತ್ರೆಯಲ್ಲಿ ನರ್ಸ್. ನಮ್ಮ ಕೆಲಸದಲ್ಲಿ ಕೈ ಒಂದು ಕಡೆ ಇಂಜೆಕ್ಷನ್ ಕೊಡುತ್ತಿರಬೇಕು, ಬಾಯಿ ಒಂದು ಕಡೆ ಪ್ರಾರ್ಥಿಸುತ್ತಿರಬೇಕು. ನೊವೆನಾ ಮುಗಿಯಲಿ ಎಂದು ಯಾವ ರೋಗಿಯೂ ಕಾಯುವುದಿಲ್ಲ ಎಂದು ನಾನು ಇವರನ್ನು ಚುಡಾಯಿಸುತ್ತಿದ್ದೆ.

ಶೆಡ್ಡಿನಲ್ಲಿ ಮೊದಲಿನಿಂದಲೂ ಇದ್ದವರು ಮೇಸ್ತ್ರಿ. ಉಡುಪಿ ಕಡೆಯ ತುಳುವರು, ನನ್ನ ಗಂಡನಿಗಿಂತ ಹಿರಿಯರು. ಊರಿನಲ್ಲಿ ತುಳುವರು ನಮ್ಮ ಕ್ರೈಸ್ತರನ್ನು ಕರೆಯುವ ಹಾಗೆಯೇ ನನ್ನ ಗಂಡನನ್ನು ‘ಪೊರ್ಬುಗಳು’ ಎಂದೂ ನನ್ನನ್ನು ‘ಬಾಯಮ್ಮ’ ಎಂದೂ ಕರೆಯುತ್ತಾರೆ. ಗಂಡಸರಿಬ್ಬರ ಮಾತು ತುಳುವಿನಲ್ಲೇ. ನನ್ನ ತವರು ಘಟ್ಟದ ಮೇಲೆ, ತುಳು ಕಿವಿಗೆ ಹತ್ತಿದೆ, ನಾಲಿಗೆಗೆ ಹತ್ತಿಲ್ಲ. ಆದ್ದರಿಂದ ನನ್ನ ಜೊತೆ ಅವರು ಕನ್ನಡದಲ್ಲಿ ಮಾತಾಡುತ್ತಾರೆ. ಮೇಸ್ತ್ರಿಗೆ ಊರಿನಲ್ಲಿ ಹೆಂಡತಿಯೂ ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳೂ ಇದ್ದಾರೆ. ಅವರ ಇಕಾಮಾ, ಎಂದರೆ ಇಲ್ಲಿ ಉಳಿಯುವ ಪರವಾನಗಿ, ನಮ್ಮ ಶೆಡ್ಡಿನ ಲೈಸೆನ್ಸಿನ ಮೇಲೆಯೇ ನಿಂತಿದೆ. ಶೆಡ್ ಮುಚ್ಚಿದರೆ ಅವರು ವಿಮಾನ ಹತ್ತಬೇಕು. ಆ ವಯಸ್ಸಿನವರಿಗೆ ಹೊಸ ವೀಸಾ ಕೊಡುವವರು ಇಲ್ಲಿ ಯಾರೂ ಇಲ್ಲ.

ಎರಡು ಬೇಸಿಗೆಗಳ ಹಿಂದೆ ನನ್ನ ಗಂಡನಿಗೆ ಎದೆನೋವು ಬಂತು. ರಕ್ತನಾಳದಲ್ಲಿ ಸ್ಟೆಂಟ್ ಹಾಕಿದರು. ಇನ್ನು ಬಿಸಿಲಿನಲ್ಲಿ ದುಡಿಯುವಂತಿಲ್ಲ ಎಂದು ಡಾಕ್ಟರು ಇವರಿಗೆ ಒಂದು ಸಲ ಹೇಳಿದ್ದನ್ನು ನಾನು ಮನೆಯಲ್ಲಿ ನೂರು ಸಲ ಹೇಳಿದೆ. ಶುವೈಖಿನ ಜುಲೈಯಲ್ಲಿ ತಗಡಿನ ಶೆಡ್ಡಿನೊಳಗೆ, ಬಿಸಿ ಎಂಜಿನ್ನಿನ ಮೇಲೆ ಬಗ್ಗಿ ನಿಲ್ಲುವ ಕೆಲಸ. ಇನ್ನೊಬ್ಬರ ಕಾರನ್ನು ತಣ್ಣಗೆ ಮಾಡುವವನು ತಾನು ಬೇಯಲೇಬೇಕು.

ಆ ಹೊತ್ತಿಗೆ ಒಂದು ದೊಡ್ಡ ಗ್ಯಾರೇಜಿನವರು ನಮ್ಮ ಶೆಡ್ಡಿನ ಜಾಗ ಕೇಳಿಕೊಂಡು ಬಂದರು. ಜಾಗ ಬಿಟ್ಟುಕೊಟ್ಟರೆ ಇವರನ್ನು ಸರ್ವಿಸ್ ಮ್ಯಾನೇಜರ್ ಮಾಡುತ್ತಾರೆ. ಗಾಜಿನ ಕೋಣೆ, ಕುರ್ಚಿ, ತಿಂಗಳಿಗೆ ಸರಿಯಾಗಿ ಸಂಬಳ. ಆದರೆ ಕೆಲಸದವರು ಅವರಿಗೆ ಬೇಡ, ಅವರದೇ ಜನ ಇದ್ದಾರೆ. ಶೆಡ್ಡಿನ ಉಳಿದ ಇಬ್ಬರು ಕೆಲಸದ ಹುಡುಗರು ಎಲ್ಲಾದರೂ ಸೇರಿಕೊಂಡಾರು. ಮೇಸ್ತ್ರಿಯದೇ ಪ್ರಶ್ನೆ. ನನಗೆ ಅದು ಪ್ರಶ್ನೆಯೇ ಆಗಿರಲಿಲ್ಲ. ನನಗೆ ಗಂಡ ಬೇಕಿತ್ತು.

ಇವರು ಎಂದಿನಂತೆ ದೇವರನ್ನು ಕೇಳತೊಡಗಿದರು. ಖೈತಾನಿನ ನಮ್ಮ ಫ್ಲ್ಯಾಟಿನಲ್ಲಿ ಸಂಜೆಯ ಜಪಸರ ಮುಗಿದ ಮೇಲೆ ಗ್ಯಾರೇಜಿನವರ ಕಾಗದವನ್ನು ಶಿಲುಬೆಯ ಕೆಳಗಿಟ್ಟು ಮೇಣದಬತ್ತಿ ಹಚ್ಚುತ್ತಿದ್ದರು. ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟರು. ಬೆರಳು ಬಿದ್ದದ್ದು ದೇವಗುಡಾರದ ಪರದೆಗಳ ಉದ್ದಗಲ ಕೊಟ್ಟಿರುವ ಕಡೆ, ಇಷ್ಟು ಮೊಳ ಅಷ್ಟು ಮೊಳ. ನನಗೆ ನಗು ಬಂತು. ಆದರೆ ಫರ್ವಾನಿಯಾದಲ್ಲಿ ವಾರಕ್ಕೊಮ್ಮೆ ಸೇರುವ ನಮ್ಮ ಪ್ರಾರ್ಥನಾ ಕೂಟದವರು, ಅಗಲ ಎಂದರೆ ಬೆಳೆಯುವುದು, ದೊಡ್ಡ ಜಾಗಕ್ಕೆ ಹೋಗುವುದು ಎಂದು ಅರ್ಥ ಹೇಳಿದರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ನಾನು ನಗುವುದನ್ನು ನಿಲ್ಲಿಸಿ ತಲೆಯಾಡಿಸಿದೆ.

ಇನ್ನೂ ದೊಡ್ಡ ಗುರುತು ಬಂದದ್ದು ಸರ್ಕಾರಿ ಕಚೇರಿಯಿಂದ. ಈ ದೇಶದಲ್ಲಿ ಕಾಗದ ಹಿಡಿದು ಹೋದವನಿಗೆ ‘ಬುಕ್ರಾ’, ನಾಳೆ ಬಾ, ಎನ್ನುವುದು ರೂಢಿ. ಜಾಗ ಬಿಟ್ಟುಕೊಡಲು ಬೇಕಾದ ನಮ್ಮ ಕಾಗದ ಒಂದೇ ಬೆಳಿಗ್ಗೆಯಲ್ಲಿ ಆಗಿಬಿಟ್ಟಿತು. ಯಾರ ಹೆಸರಿನಲ್ಲಿ ನಮ್ಮ ಲೈಸೆನ್ಸ್ ಇದೆಯೋ ಆ ಕಫೀಲ್, ಸಣ್ಣದಕ್ಕೂ ತಿಂಗಳು ಓಡಾಡಿಸುವ ಮನುಷ್ಯ, ಚಹಾ ಕುಡಿಸಿ ‘ಖಲಾಸ್, ನಿನ್ನ ಇಷ್ಟ’ ಎಂದು ಒಪ್ಪಿಕೊಂಡರು. ಗಲ್ಫಿನ ನಮ್ಮ ಜನ ದೇವರ ಮನಸ್ಸನ್ನು ಓದುವುದೇ ಹೀಗೆ. ಕಾಗದ ಸಲೀಸಾಗಿ ಆದರೆ ದೇವರು ಬಾಗಿಲು ತೆರೆದರು, ತಡವಾದರೆ ಮುಚ್ಚಿದರು. ಆ ವಾರ ಕೂಟದಲ್ಲಿ ಎಲ್ಲರೂ ಸೇರಿ ಸ್ತುತಿಗೀತೆ ಹಾಡಿದರು. ನಾನೂ ಹಾಡಿದೆ, ಉಳಿದವರಿಗಿಂತ ಜೋರಾಗಿಯೇ.

ಸಹಿ ಹಾಕುವ ಮೊದಲು ಫಾದರ್ ಅವರನ್ನು ಒಂದು ಮಾತು ಕೇಳುತ್ತೇನೆ ಎಂದರು ಇವರು. ಚರ್ಚಿನಲ್ಲಿ ಶುಕ್ರವಾರದ ಬಲಿಪೂಜೆ ಮುಗಿದು, ಒಂದು ಭಾಷೆಯವರು ಹೊರಬಂದು ಇನ್ನೊಂದು ಭಾಷೆಯವರು ಒಳನುಗ್ಗುವ ನೂಕುನುಗ್ಗಲು. ಗೋಡೆಯ ಬದಿಗೆ ನಿಂತು ಇವರು ಎಲ್ಲವನ್ನೂ ಹೇಳಿದರು: ಬೈಬಲಿನ ಪುಟ, ಕಫೀಲ್, ಕಾಗದ. ಫಾದರ್ ಆ ಗುರುತುಗಳನ್ನೆಲ್ಲ ಪಕ್ಕಕ್ಕಿಟ್ಟರು. ಇದರ ಭಾರ ಯಾರ ಮೇಲೆ ಬೀಳುತ್ತದೆ ಎಂದು ಕೇಳಿದರು. ಇವರು ಮೇಸ್ತ್ರಿಯ ವಿಷಯ ಹೇಳಿದರು.

“ಅವರ ಹೆಸರು ಹೇಳಿ ಪ್ರಾರ್ಥನೆ ಮಾಡಿದ್ದೀರಾ?” ಎಂದರು ಫಾದರ್.

ಇವರು ತಲೆ ತಗ್ಗಿಸಿದರು. ಹಾಗಾದರೆ ಮೊದಲು ಅದನ್ನು ಮಾಡಿ ಎಂದು ಹೇಳಿ ಫಾದರ್ ಮುಂದಿನ ಪೂಜೆಗೆ ಹೊರಟುಹೋದರು. ನನಗೆ ಮೈಯೆಲ್ಲ ಉರಿಯಿತು. ಆಗುವ ಕೆಲಸಕ್ಕೆ ಅಡ್ಡಗಾಲು ಹಾಕಲು ಈ ಫಾದರಿಗೆ ಇಷ್ಟು ಜನರ ನಡುವೆ ನಾವೇ ಸಿಕ್ಕಬೇಕಿತ್ತೇ ಎಂದು ಬಸ್ಸಿನಲ್ಲಿ ಗೊಣಗಿಕೊಂಡೇ ಬಂದೆ.

ಅಂದು ಸಂಜೆ ಜಪಸರದ ಕೊನೆಯಲ್ಲಿ ಇವರು ಮೇಸ್ತ್ರಿಯ ಹೆಸರು ಹೇಳಿದರು. ಹೆಂಡತಿಯ ಹೆಸರು ಹೇಳಿದರು, ಹೆಣ್ಣುಮಕ್ಕಳ ಹೆಸರುಗಳನ್ನೂ ಹೇಳಿದರು. ಆ ನಾಲ್ಕು ಹೆಸರು ಅದುವರೆಗೆ ನಮ್ಮ ಪೀಠದ ಮುಂದೆ ಕೇಳಿಸಿರಲಿಲ್ಲ. ‘ಆಮೆನ್’ ಎನ್ನಲು ನನಗೆ ಬಾಯಿ ಬರಲಿಲ್ಲ.

ಮರುದಿನ ನನಗೆ ರಜೆ. ಮಧ್ಯಾಹ್ನದ ಊಟ ಕಟ್ಟಿಕೊಂಡು ಶೆಡ್ಡಿಗೆ ಹೋದೆ. ಇವರು ಎದುರಿನ ಸಾಲಿನಲ್ಲಿ ಸ್ಪೇರ್ ಪಾರ್ಟ್ ತರಲು ಹೋಗಿದ್ದರು. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಬಂದು ನನಗೆ ಕುರ್ಚಿ ಎಳೆದು ಕೊಟ್ಟರು.

“ಬಾಯಮ್ಮ, ಪೊರ್ಬುಗಳು ಏನೋ ದೊಡ್ಡ ವಿಷಯ ದೇವರ ಹತ್ರ ಕೇಳ್ತಾ ಇದ್ದಾರೆ. ನನಗೆ ಗೊತ್ತಾಗ್ತದೆ, ಇಲ್ಲಿ ಕೂತಲ್ಲಿಯೂ ಜಪಮಣಿ ಕೈಯಲ್ಲೇ ಇರ್ತದೆ. ಏನು ಅಂತ ನಾನು ಕೇಳುದಿಲ್ಲ. ಹೆಂಡತಿಗೆ ಫೋನು ಮಾಡಿ ನಮ್ಮ ದೇವಸ್ಥಾನದಲ್ಲಿ ಒಂದು ಹೂವಿನ ಪೂಜೆ ಹರಕೆ ಹೇಳಿಸಿದ್ದೇನೆ. ಅವರು ಏನು ಬಯಸಿದ್ದಾರೋ ಅದು ಆಗ್ಲಿ ಅಂತ. ಅವರ ಎದೆ ಒಮ್ಮೆ ಸರಿಯಾದ್ರೆ ಸಾಕು.”

ಊಟದ ಡಬ್ಬಿಯ ಮುಚ್ಚಳ ನನ್ನ ಕೈಯಲ್ಲೇ ಉಳಿಯಿತು. ಈ ಮನುಷ್ಯ ತನ್ನ ಅನ್ನ ಹೋಗಲೆಂದು ತಾನೇ ಹರಕೆ ಹೊತ್ತಿದ್ದಾರೆ, ಅದೂ ತಿಳಿಯದೆ. ಹೇಳಬೇಕೆನಿಸಿತು, ಹೇಳಬಾರದೆನಿಸಿತು. ಅಷ್ಟರಲ್ಲಿ, ಬಾನೆಟ್ ಎತ್ತಿ ನಿಲ್ಲಿಸಿದ್ದ ಕಾರಿನ ಆಚೆ ಇವರು ನಿಂತಿದ್ದು ಕಂಡಿತು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಇವರು ಬಂದು, ನನ್ನ ಎದುರಿಗೇ, ತುಳುವಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಗ್ಯಾರೇಜಿನವರು, ಗಾಜಿನ ಕೋಣೆ, ಶೆಡ್ ಮುಚ್ಚುವುದು, ಇಕಾಮಾ. ಮೇಸ್ತ್ರಿ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು. ಉತ್ತರ ಕೊಟ್ಟದ್ದು ಇವರಿಗಲ್ಲ, ನನಗೆ.

“ಕೇಳಿದ್ದು ನಾನೇ ಅಲ್ವಾ ಬಾಯಮ್ಮ. ಹರಕೆ ಹೊತ್ತವ, ದೇವರು ಕೊಟ್ಟ ಮೇಲೆ ಬೇಡ ಅಂತ ಹೇಳ್ಲಿಕ್ಕೆ ಉಂಟಾ?”

ಮಾತಿನಲ್ಲಿ ಕಹಿ ಇರಲಿಲ್ಲ. ಇದ್ದಿದ್ದರೆ ನಮಗೆ ಸುಲಭವಾಗುತ್ತಿತ್ತು. ಅವರು ಹೋಗಿ ಅರ್ಧಕ್ಕೆ ಬಿಟ್ಟಿದ್ದ ಕೆಲಸಕ್ಕೆ ಬಗ್ಗಿದರು. ನಾನು ತಂದ ಊಟವನ್ನು ಅಂದು ಯಾರೂ ಮುಟ್ಟಲಿಲ್ಲ.

ಮೇಸ್ತ್ರಿಯನ್ನೂ ಸೇರಿಸಿಕೊಳ್ಳಿ ಎಂದು ಇವರು ಗ್ಯಾರೇಜಿನವರನ್ನು ಕೇಳಿದರು. ಆಗುವುದಿಲ್ಲ ಎಂದರು. ಇವರು ಕಾಗದವನ್ನು ಹಿಂದಕ್ಕೆ ಕೊಟ್ಟು ಬಂದರು. ಆ ದಿನ ನಾನು ಜಗಳವಾಡಿದ ಹಾಗೆ ಮದುವೆಯಾದ ಮೇಲೆ ಎಂದೂ ಆಡಿರಲಿಲ್ಲ. ಹಾರ್ಟ್ ರಿಪೋರ್ಟ್ ತಂದು ಮುಂದೆ ಹಾಕಿದೆ. ಬೈಬಲಿನ ಪುಟ ಗುರುತು, ಕಫೀಲನ ಚಹಾ ಗುರುತು, ಡಾಕ್ಟರ ಮಾತು ಮಾತ್ರ ದೇವರದಲ್ಲವೇ ಎಂದು ಕೇಳಿದೆ. ಅದೂ ದೇವರದೇ ಎಂದು ಇವರು ಒಪ್ಪಿಕೊಂಡರು. ಅದು ನನ್ನ ಸಿಟ್ಟನ್ನು ಇನ್ನೂ ಹೆಚ್ಚಿಸಿತು.

“ಆ ಮನುಷ್ಯ ನನಗೋಸ್ಕರ ಕೇಳಿದ್ದನ್ನು ಕಿವಿಯಾರೆ ಕೇಳಿದ್ದೇನೆ. ಅವರನ್ನು ಕಳಿಸಿಬಿಟ್ಟು ಮತ್ತೆ ಯಾವ ಬಾಯಿಯಿಂದ ಪ್ರಾರ್ಥನೆ ಮಾಡಲಿ?” ಎಂದರು.

ನಾನು ರಿಪೋರ್ಟನ್ನು ಮಡಚಿ ಒಳಗಿಟ್ಟು ಅತ್ತೆ. ಕೂಟದವರು ಮಾತ್ರ ಇದೆಲ್ಲ ದೇವರ ಪರೀಕ್ಷೆಯಾಗಿತ್ತು ಎಂದು ಹೊಸ ಅರ್ಥ ಹೇಳಿ ಮತ್ತೊಂದು ಸ್ತುತಿಗೀತೆ ಹಾಡಿದರು. ಹಾಡಿನ ಮೇಲೆ ಹಂಚಿದ ಕಟ್ಲೆಟ್ ಎಂದಿನಂತೆ ಚೆನ್ನಾಗಿತ್ತು, ನಾನು ಅದನ್ನು ತಟ್ಟೆಯಲ್ಲೇ ಬಿಟ್ಟೆ.

ಮುಂದಿನ ಸಲ ಪಾಪನಿವೇದನೆಗೆ ಹೋದಾಗ, ಸರಿಯಾದ ತೀರ್ಮಾನ ಮಾಡಿಸಿದ್ದಕ್ಕೆ ದೇವರ ಮೇಲೆ ಕೋಪ ಮಾಡಿಕೊಳ್ಳುವುದು ಪಾಪವೇ ಎಂದು ಫಾದರ್ ಅವರನ್ನು ಕೇಳಿದೆ. ಕೋಪವನ್ನೂ ದೇವರಿಗೇ ಹೇಳಿ ಎಂದರು. ಈಗಲೂ ಹೇಳುತ್ತಿದ್ದೇನೆ. ಇವರು ಮಾಡಿದ್ದು ಸರಿ ಎಂದು ನನಗೆ ಗೊತ್ತು, ಗೊತ್ತಿದ್ದೂ ಭಯ ಹೋಗಿಲ್ಲ. ಜೂನ್ ಬಂತೆಂದರೆ ವಾರ್ಡಿನಲ್ಲಿ ಬೇರೆಯವರ ನಾಡಿ ಹಿಡಿದಿರುವಾಗ ನನಗೆ ಇವರದೇ ಕೈ ಹಿಡಿದ ಹಾಗೆ ಆಗುತ್ತದೆ.

ಈಗ ಬೇಸಿಗೆಯಲ್ಲಿ ಬಾನೆಟ್ಟಿನ ಹತ್ತಿರ ಬರಲು ಮೇಸ್ತ್ರಿ ಇವರನ್ನು ಬಿಡುವುದಿಲ್ಲ. ಫ್ಯಾನಿನ ಎದುರು ಕೂರಿಸಿ ತಾವೇ ಎರಡಾಳಿನ ಕೆಲಸ ಮಾಡುತ್ತಾರೆ. ಮಧ್ಯಾಹ್ನ ಡ್ಯೂಟಿಯಲ್ಲಿರುವಾಗ ನನ್ನ ಫೋನ್ ಅಲುಗುತ್ತದೆ, ಪರದೆಯ ಮೇಲೆ ಶೆಡ್ಡಿನ ನಂಬರ್. ಕೈಯಲ್ಲಿದ್ದ ಟ್ರೇ ಕೆಳಗಿಟ್ಟು ಕಿವಿಗೆ ಹಿಡಿಯುತ್ತೇನೆ.

“ಬಾಯಮ್ಮ, ಪೊರ್ಬುಗಳು ಊಟ ಮಾಡಿದ್ರು. ಮಾತ್ರೆಯೂ ತಗೊಂಡ್ರು,” ಎನ್ನುತ್ತಾರೆ ಮೇಸ್ತ್ರಿ.