ಅಕ್ಕನ ಬಲಗೈಗೊಂದು ಗವಸು

ನಮ್ಮ ಮನೆಯ ಕಪಾಟು ತೆರೆದರೆ ಈಗೀಗ ಸೀರೆಗಳ ನಡುವಿನ ಡಾಂಬರುಗುಳಿಗೆಯ ಬದಲು ಹಳೆಯ ತೊಗಲಿನ ವಾಸನೆ ಮೂಗಿಗೆ ಬಡಿಯುತ್ತದೆ. ಅದಕ್ಕೆ ಕಾರಣಪುರುಷ ನಾನೇ. ಇಚಲಕರಂಜಿಯ ಮಗ್ಗಗಳ ಸದ್ದಿನಲ್ಲಿ ಹುಟ್ಟಿ ಬೆಳೆದು, ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿಕೊಂಡಿರುವ ನನ್ನಂಥವನಿಗೆ ಅಮೆರಿಕದ ಹಳೆಯ ಬೇಸ್‌ಬಾಲ್ ಗವಸುಗಳನ್ನು ಆನ್‌ಲೈನ್ ಹರಾಜಿನಲ್ಲಿ ಕೊಳ್ಳುವ ಚಟ ಹೇಗೆ ಹತ್ತಿತೆಂದು ತಾವು ಹುಬ್ಬೇರಿಸಬಹುದು. ಸಂಗ್ರಹಕಾರರಿಗೆ ಸಾಮಾನ್ಯವಾಗಿ ಅಭಿರುಚಿ ಇರುತ್ತದೆ, ನನಗಿದ್ದದ್ದು ಹಟವೊಂದೇ.

ಹಟದ ಮೂಲ ನನ್ನ ಅಕ್ಕ ಕಸ್ತೂರಿ. ಗಡಹಿಂಗ್ಲಜದ ಕಾಲೇಜಿನಲ್ಲಿ ಓದುವಾಗ ಆಕೆ ಬೇಸ್‌ಬಾಲ್ ತಂಡ ಸೇರಿದ್ದಳು. ಅಕ್ಕ ಎಡಚಿ. ಆ ಆಟದಲ್ಲಿ ಎಸೆಯುವ ಕೈ ಖಾಲಿ ಇರಬೇಕು, ಹಿಡಿಯುವ ಕೈಗೆ ಗವಸು ಬೇಕು. ಕಾಲೇಜಿನ ಗವಸುಗಳೆಲ್ಲ ಬಲಗೈಯಲ್ಲಿ ಎಸೆಯುವವರಿಗಾಗಿ ಮಾಡಿದವು. ಎಡಗೈಗೆ ಮಾತ್ರ ಕೂಡುತ್ತಿದ್ದವು. ಹೀಗಾಗಿ ಅಕ್ಕ ಎಡಗೈಯಲ್ಲಿ ಚೆಂಡು ಹಿಡಿದು, ಗವಸು ಕಳಚಿ ಕಂಕುಳಲ್ಲಿ ಇರುಕಿಕೊಂಡು, ಅದೇ ಕೈಯಿಂದ ಎಸೆಯುವಷ್ಟರಲ್ಲಿ ಎದುರಾಳಿ ಓಡಿ ಮುಗಿಸಿರುತ್ತಿದ್ದಳು. ಕೊಲ್ಹಾಪುರದ ಪಂದ್ಯಕ್ಕೆ ಹೊರಟ ತಂಡದಲ್ಲಿ ಆಕೆಯ ಹೆಸರಿರಲಿಲ್ಲ.

“ಬಲಗೈಲೆ ಒಗಿಯೂದು ಕಲಿ,” ಎಂದರು ಆಟ ಕಲಿಸುವ ಸರ್.

“ಸರ್, ನನ್ನ ಕೈ ಇದ ಐತ್ರಿ,” ಎಂದು ಎಡಗೈ ತೋರಿಸಿ ಬಂದ ಅಕ್ಕ ಮತ್ತೆ ಮೈದಾನದ ಕಡೆ ತಲೆ ಹಾಕಲಿಲ್ಲ. ನೂಲ ಎಂಬ ಹಳ್ಳಿಯ ರೈತರ ಮನೆಗೆ ಸೊಸೆಯಾಗಿ ಹೋಗಿ, ಕಬ್ಬು, ಕುರಿ ಎಂದು ಬದುಕು ಕಟ್ಟಿಕೊಂಡಳು.

ಹೋದ ವರ್ಷ ಫೋನಿನಲ್ಲಿ ಇನ್ನೇನನ್ನೋ ಹುಡುಕುವಾಗ ಹಳೆಯ ಗವಸುಗಳ ಹರಾಜು ಕಣ್ಣಿಗೆ ಬಿತ್ತು. ‘ಲೆಫ್ಟ್ ಹ್ಯಾಂಡ್’ ಎಂದು ಬರೆದಿದ್ದ ಒಂದನ್ನು ಹಿಗ್ಗಿ ಹೀರೆಕಾಯಾಗಿ ಗೆದ್ದೆ. ಪೊಟ್ಟಣ ಬಿಚ್ಚಿದರೆ ಅದು ಎಡಗೈಗೆ ಹಾಕುವಂಥದ್ದು! ಎಡಗೈಯವರ ಗವಸು ಬೇರೆ, ಎಡಗೈಗೆ ಗವಸು ಬೇರೆ; ಮಕ್ಕಳಿಗೆ ವಿಭಕ್ತಿ ಪ್ರತ್ಯಯ ಕಲಿಸುವ ಮಾಸ್ತರನೇ ಷಷ್ಠಿ ಚತುರ್ಥಿಗಳ ನಡುವೆ ಮುಗ್ಗರಿಸಿದ್ದೆ. ಎರಡನೆಯದೂ ಹಾಗೇ ಆಯಿತು. ಮುಂದಿನದನ್ನು ಮಾತ್ರ ತಪ್ಪು ಕೈಯದೆಂದು ಗೊತ್ತಿದ್ದೂ ಕೊಂಡೆ, ಏಕೆಂದರೆ ಅಷ್ಟರಲ್ಲಿ ಆ ಸುಕ್ಕುಗಟ್ಟಿದ ತೊಗಲಿನ ಮೇಲೆ ವ್ಯಾಮೋಹ ಹುಟ್ಟಿತ್ತು. ಒಂದರ ಒಳಗೆ ಯಾವುದೋ ಮಗು ಮಸಿಯಲ್ಲಿ ತನ್ನ ಹೆಸರು ಬರೆದು, ಅಕ್ಷರ ತಪ್ಪಿ, ಹೊಡೆದುಹಾಕಿ, ಮತ್ತೆ ಬರೆದಿತ್ತು. ಇನ್ನೊಂದರ ಅಂಗೈಯಲ್ಲಿ ಚೆಂಡು ಬಿದ್ದು ಬಿದ್ದು ಬಟ್ಟಲಿನಂಥ ಗುಳಿ. ಕೈ ತೂರಿಸಿದರೆ ನನ್ನ ಬೆರಳುಗಳು ಇನ್ನಾರದೋ ಬೆರಳುಗಳ ಜಾಗದಲ್ಲಿ ತಾವಾಗಿಯೇ ಕೂರುತ್ತಿದ್ದವು.

“ಯಾರ್‍ಯಾರದೋ ಬೆವರ ಕುಡದ ತೊಗಲ ತಂದು ಕಪಾಟನ್ಯಾಗ ತುಂಬಾಕತ್ತೀರಿ. ಹಾಕ್ಕೊಳ್ಳಾವ್ರು ಯಾರ್ರೀ?” ಎಂದಳು ನನ್ನ ಹೆಂಡತಿ ಸುಮಿತ್ರಾ.

“ಅಕ್ಕಗ ಒಂದ ಸಿಗೂತನಕ ನಾ ಬಿಡಾಂಗಿಲ್ಲ.”

“ಹಂಗಾರ ಮಾರಾವ್ರನ್ನ ಕೇಳ್ರಿ. ಕೈಗೆ ಹಾಕ್ಕೊಂಡ ಫೋಟೋ ಕಳಸ್ರಿ ಅನ್ರಿ.”

ವ್ಯಾಕರಣದಿಂದ ಆಗದ್ದು ಆ ಮಾತಿನಿಂದ ಆಯಿತು. ಆದರೆ ಎಡಚರ ಗವಸು ಅಪರೂಪ. ಸರಿಯಾದದ್ದು ಸಿಕ್ಕಾಗಲೆಲ್ಲ ಯಾರೋ ಕೊನೆಯ ಗಳಿಗೆಯಲ್ಲಿ ನನಗಿಂತ ಹೆಚ್ಚು ಕೂಗಿ ಕಸಿದುಕೊಳ್ಳುತ್ತಿದ್ದರು. ಹಾಗೆ ಸೋತ ದಿನ ಪಾಠ ಮಾಡಲೂ ಮನಸ್ಸಿರುತ್ತಿರಲಿಲ್ಲ. ಆದರೂ ಬಿಡಲಿಲ್ಲ. ಒಂದು ಬೆಳಿಗ್ಗೆ, ಓಣಿಯ ಮಗ್ಗಗಳು ಖಡಖಡಿಸುತ್ತಿರುವಾಗ, ಚಹಾ ಆರಿದರೂ ಫೋನು ಕೆಳಗಿಡದೆ ಕೂತು ಗೆದ್ದೆ. “ಮಿಳಾಲಾ, ಮಿಳಾಲಾ!” ಸಿಕ್ಕಿತು ಸಿಕ್ಕಿತು ಎಂದು ಸುಮಿತ್ರಾ ಮರಾಠಿಯಲ್ಲಿ ಕೂಗಿದ್ದು ಓಣಿಗೆಲ್ಲ ಕೇಳಿಸಿತು.

ಗವಸು ಬಂದ ಮೇಲೆ ಕೊಲ್ಹಾಪುರದ ಚಪ್ಪಲಿ ಓಣಿಯಲ್ಲಿ ಅದಕ್ಕೆ ಹೊಸ ತೊಗಲಿನ ದಾರ ಹಾಕಿಸಿಕೊಂಡು, ಭಾನುವಾರ ನೂಲಕ್ಕೆ ಹೋದೆ. ಅಕ್ಕ ಕುರಿಗಳಿಗೆ ಸೊಪ್ಪು ಹಾಕುತ್ತಿದ್ದಳು. ಗವಸನ್ನು ಹಳೆಯ ರೂಢಿಯಂತೆ ಎಡಗೈಗೆ ಏರಿಸಲು ಹೋದಳು, ಕೂಡಲಿಲ್ಲ. ಬಲಗೈಗೆ ಹಾಕಿದಳು. ಹೊರಳಿಸಿ ಹೊರಳಿಸಿ ನೋಡಿದಳು.

“ಈಗ್ಯಾಕ ತಂದ್ಯೋ ತಮ್ಮಾ? ಐವತ್ತ ದಾಟ್ಯಾವ ನನಗ. ನೋಡಿದ ಮಂದಿ ನಗತಾರ.”

ಹರಾಜು ಗೆಲ್ಲುವುದನ್ನಷ್ಟೇ ಧ್ಯಾನಿಸಿದ್ದ ನಾನು, ಆಕೆ ಒಲ್ಲೆ ಎಂದರೆ ಏನು ಮಾಡುವುದೆಂದು ಯೋಚಿಸಿಯೇ ಇರಲಿಲ್ಲ. ಮುಖ ಸಣ್ಣದಾಯಿತು. “ಬ್ಯಾಡಂದ್ರ ಕೊಡು,” ಎಂದು ಕೈ ಚಾಚಿದೆ.

ಆಕೆ ಕೊಡಲಿಲ್ಲ. “ತಡಿ. ಚಂಡ ತಂದೀಯೇನ?”

ತಂದಿದ್ದೆ. ನಾನು ಎಸೆದ ಮೊದಲ ಚೆಂಡು ಆಕೆಯ ಕೈತಪ್ಪಿ ಕುರಿಗಳ ನಡುವೆ ಉರುಳಿತು, ಕುರಿಗಳು ಚೆದುರಿದವು. ಎರಡನೆಯದು ಬೆರಳಿಗೆ ತಾಗಿ ಜಾರಿತು. ಬಾವಿಯಿಂದ ಬರುತ್ತಿದ್ದ ಇಬ್ಬರು ಹೆಂಗಸರು ನಿಂತು ನಕ್ಕೇಬಿಟ್ಟರು. ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಮುಂದಿನದು ಗವಸಿನೊಳಗೆ ಧಪ್ಪೆಂದು ಕೂತಿತು. ಕೂತದ್ದೇ ತಡ, ಎಡಗೈ ಅದನ್ನು ಎತ್ತಿ ಬೀಸಿತು. ಕಳಚುವುದಿಲ್ಲ, ಕಂಕುಳಿಲ್ಲ. ಚೆಂಡು ನನ್ನ ಬರಿಗೈಗೆ ಬಂದು ಬಡಿದು ಅಂಗೈ ಚುರುಗುಟ್ಟಿತು. ನಗುತ್ತಿದ್ದವರು ಕೊಡ ಇಳಿಸಿ ನೋಡತೊಡಗಿದರು.

“ಹಿಂದ ಸರಿ,” ಎಂದಳು ಅಕ್ಕ. “ಇನ್ನೂ ಹಿಂದ. ಈಗ ಜೋರ್ ಒಗಿ.”