ಮೇಡಂ ಕಟ್ಟಿದ ಭಾಷೆಯ ಹಕಾರ

ಅವರ ಕುತ್ತಿಗೆಯ ಮೇಲೆ ಯಾವಾಗಲೂ ನೀಲಿ ಶಾಯಿಯ ಗುರುತು. ಬರೆಯುತ್ತ ಬರೆಯುತ್ತ ಏನೋ ಗೊಣಗಿ, ಸದ್ದು ಎಲ್ಲಿಂದ ಹೊರಡುತ್ತದೆಂದು ಬೆರಳಿಟ್ಟು ನೋಡಿಕೊಳ್ಳುವ ಅಭ್ಯಾಸ. ದಬ್ಬೇಘಟ್ಟದ ಹೈಸ್ಕೂಲಿನಲ್ಲಿ ನಮಗೆ ಕನ್ನಡ ಹೇಳಿಕೊಟ್ಟ ಮೇಡಂ ಅವರು. ತಿಪಟೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಸೀಟು ಖಾಲಿಯಿದ್ದರೂ ಕೂರುತ್ತಿರಲಿಲ್ಲ. ಯಾರು ಹೇಗೆ ಮಾತಾಡುತ್ತಾರೆಂದು ಕೇಳುತ್ತ ಹಿಂದೆ ಮುಂದೆ ಓಡಾಡುತ್ತಿದ್ದರು.

ಎಂಟನೇ ತರಗತಿಯಲ್ಲಿ, ತುರುವೇಕೆರೆಯ ಭಾಷಣ ಸ್ಪರ್ಧೆಯಲ್ಲಿ ನಾನು ‘ಹಾಲು’ ಅನ್ನುವಲ್ಲಿ ‘ಆಲು’ ಅಂದೆ. ಸಭೆ ನಕ್ಕಿತು. ಅಲ್ಲಿಂದಾಚೆ ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಮೇಡಂ ಸಮಾಧಾನ ಹೇಳುವ ಬದಲು ಮೂರು ನೋಟ್‌ಬುಕ್ ತಂದು ತೋರಿಸಿದರು. ಕಾಲೇಜಿನ ದಿನಗಳಿಂದ ಅವರೊಬ್ಬರೇ ಕಟ್ಟುತ್ತಿದ್ದ, ಯಾರೂ ಆಡದ ಒಂದು ಭಾಷೆ ಅವುಗಳಲ್ಲಿತ್ತು. ಹಳೆಯದು, ನಡುವಿನದು, ಹೊಸದು ಎಂದು ಅದಕ್ಕೊಂದು ಚರಿತ್ರೆಯೂ ಇತ್ತು, ಕಾಲಕ್ಕೊಂದು ನೋಟ್‌ಬುಕ್. ನೀರಿಗೆ ಮೊದಲು ‘ಪಿರಮು’, ಆಮೇಲೆ ‘ಹಿರಮು’.

“ಕನ್ನಡದಲ್ಲೂ ಹಿಂಗೇ ಆಗಿದ್ದು. ಪಾಲ್ ಹೋಗಿ ಹಾಲಾಯ್ತು, ನಿಮ್ಮನೇಲಿ ಆಲಾಯ್ತು. ಅದು ತಪ್ಪಲ್ಲ ಕಣೇ, ಮುಂದಿನ ಹೆಜ್ಜೆ.”

ಆ ಹಕಾರ ಹೇಗೆ ಬೀಳುತ್ತದೆ, ಎಲ್ಲ ಕಡೆ ಒಟ್ಟಿಗೋ ಒಂದೊಂದಾಗಿಯೋ ಎಂಬುದು ಗೊತ್ತಾಗದೆ ಅವರ ಭಾಷೆ ಮುಂದೆ ಸಾಗಿರಲಿಲ್ಲ. ನಿಮ್ಮವ್ವ ಆಡುವ ಮಾತನ್ನು ಬರೆದುಕೊಂಡು ಬಾ ಅಂದರು.

ಹದಿನೈದು ದಿನ ಬರೆದೆ. ಅವ್ವ ಹಸುವಿಗೆ ‘ಓಗು’ ಅನ್ನುತ್ತಿದ್ದಳು, ಕಂಡಕ್ಟರನನ್ನು ‘ಹೋಗುತ್ತಾ’ ಎಂದು ಕೇಳುತ್ತಿದ್ದಳು. ನ್ಯಾಯಬೆಲೆ ಅಂಗಡಿಯವನ ಮುಂದೆ ಗಾಬರಿಯಾಗಿ ‘ಅಕ್ಕಿ’ಯನ್ನೂ ‘ಹಕ್ಕಿ’ ಅಂದಳು. ಅದನ್ನು ಓದಿ ಮೇಡಂ ಸ್ಟಾಫ್ ರೂಮಿನಲ್ಲಿ ನಾಲ್ಕು ಸುತ್ತು ಹಾಕಿದರು.

ಒಂದು ದಿನ ಆ ಹಾಳೆಗಳು ಅವ್ವನ ಕೈಗೆ ಸಿಕ್ಕವು. ಏಳನೇ ಕ್ಲಾಸು ಓದಿದವಳು; ಪೂರ್ತಿ ಓದಿ, ನೆಟ್ಟಗೆ ಸ್ಕೂಲಿಗೆ ನಡೆದಳು.

“ನನ್ನ ಬಾಯಿ ಆಡ್ಕೊಳಾಕೆ ಮಗೀನೇ ಬಿಟ್ರೇನ್ರೀ?”

ಮೇಡಂ ಯಾವ ವಿವರಣೆಗೂ ಹೋಗಲಿಲ್ಲ. ನಿಮ್ಮನ್ನು ಕೇಳಿ ಮಾಡಬೇಕಿತ್ತು, ತಪ್ಪಾಯಿತು ಎಂದು ಹೇಳಿ, ತಾವು ನಕಲು ಮಾಡಿಕೊಂಡಿದ್ದ ಪುಟಗಳನ್ನೂ ಹರಿದು ಅವ್ವನ ಕೈಗಿಟ್ಟರು. ಆ ವಾರವಿಡೀ ನಾನು ಇಬ್ಬರ ಮುಖವನ್ನೂ ನೋಡಲಾರದೆ ಒದ್ದಾಡಿದೆ.

ಭಾನುವಾರ ಮೇಡಂ ನಮ್ಮ ಮನೆಗೇ ಬಂದರು. ತೋಟದ ಬದಿಯಲ್ಲಿ ಅವ್ವ ಕಾಯಿ ಸುಲಿಯುತ್ತಿದ್ದಳು. ತಮ್ಮ ಭಾಷೆ ಹಕಾರದ ಬಳಿ ನಿಂತುಹೋದ ಕಷ್ಟವನ್ನು ಮೇಡಂ ನೇರವಾಗಿ ಹೇಳಿಕೊಂಡರು. ಅವ್ವ ಇನ್ನೂ ಹತ್ತಿಪ್ಪತ್ತು ಕಾಯಿ ಸುಲಿದಳು. ಕೊನೆಗೆ, ಎಲ್ಲಿ, ಆ ನಿಮ್ಮ ಭಾಷೆ ಹೇಳಿ ನೋಡೋಣ ಅಂದಳು. ‘ಹಿರಮು’ ಎಂಬುದನ್ನು ಬಾಯೊಳಗೆ ಹೊರಳಿಸಿದಳು.

“ಬಿಸಿಲಾಗೆ ಬಾಯಾರ್ದೋರು ಇಷ್ಟುದ್ದ ಅಂತಾರಾ? ‘ಇಮ್ಮು’ ಅಂತಾರೆ, ಬುಡಿ.”

ಮೇಡಂ ಅಲ್ಲೇ ಸಿಪ್ಪೆಯ ರಾಶಿಯ ಮೇಲೆ ಕೂತು ಬರೆದುಕೊಂಡರು. ಮರುದಿನ ತರಗತಿಯಲ್ಲಿ ನಾನು ಎದ್ದು ನಿಂತು ಪದ್ಯ ಓದಿದೆ. ಮುಂದೆ ಎಷ್ಟೋ ಭಾನುವಾರ ಮೇಡಂ ಬಂದು, ಅವ್ವನ ಜೊತೆ ಕೂತು ಮೂರನೇ ನೋಟ್‌ಬುಕ್ ತುಂಬಿಸಿದರು.

ಹೋದ ವರ್ಷ ಆಸ್ಪತ್ರೆಯಲ್ಲಿ ಅವರನ್ನು ನೋಡಿದೆ. ಹೊದಿಕೆಯ ಅಂಚನ್ನು ಮಡಿಸುತ್ತ ಬಿಚ್ಚುತ್ತ, ಮನೆಯಲ್ಲಿರುವ ಮೂರೂ ನೋಟ್‌ಬುಕ್ಕನ್ನು ಇವತ್ತೇ ತೆಗೆದುಕೊಂಡು ಹೋಗು ಅಂದರು. ನನಗೆ ಬಸ್ಸಿನ ಅವಸರ.

“ಮುಂದಿನ್ವಾರ ಬತ್ತೀನಿ ಮೇಡಂ,” ಅಂದೆ.

ಐದನೇ ದಿನ ತೀರಿಕೊಂಡರು. ಬಾಡಿಗೆ ಮನೆ ಖಾಲಿ ಮಾಡಿದ ನೆಂಟರು ಹಳೇ ಪೇಪರಿನ ಜೊತೆ ನಡುವಿನ ನೋಟ್‌ಬುಕ್ಕನ್ನೂ ಹಾಕಿಬಿಟ್ಟಿದ್ದರು. ತಿಪಟೂರಿನ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದೆ, ಸಿಗಲಿಲ್ಲ. ಮೊದಲನೆಯದೂ ಕೊನೆಯದೂ ನನ್ನ ಬಳಿ ಇವೆ. ಒಂದೊಂದು ಪದವೂ ಹೊರಟದ್ದು ಗೊತ್ತು, ತಲುಪಿದ್ದು ಗೊತ್ತು, ನಡೆದ ದಾರಿ ಗೊತ್ತಿಲ್ಲ. ರಜೆಯ ದಿನ ಅವ್ವನೂ ನಾನೂ ಎದುರುಬದುರು ಕೂತು, ನಡುವಿನ ರೂಪ ಹೇಗಿದ್ದೀತೆಂದು ಹೇಳಿ ಹೇಳಿ ನೋಡುತ್ತೇವೆ. ಇಲ್ಲಿಯವರೆಗೆ ಹನ್ನೊಂದು ಪದ ದಾಟಿಸಿದ್ದೇವೆ.